ಎರಡನೆಯ ಸಲ ಕೇಳದ ಪುಸ್ತಕ

ಆರ್ಡಿಸ್ ಟಾಲೆಫ್‌ಸನ್ ತನ್ನ ಅರವತ್ತೆಂಟು ವರ್ಷದ ಬದುಕಿನಲ್ಲಿ ಯಾವುದಕ್ಕೂ ಮೊದಲ ಸಲಕ್ಕೇ ಹೂಂ ಅಂದವಳಲ್ಲ. ಕಾಫಿ ಬೇಕೇ ಎಂದರೆ ಬೇಡ. ಹೋಗಲಿ, ಅರ್ಧ ಬಟ್ಟಲು? ಅಯ್ಯೋ, ನಿಮಗ್ಯಾಕೆ ತೊಂದರೆ. ಮಾಡಿಟ್ಟಿದ್ದೀನಿ ಕಣ್ರೀ, ಚೆಲ್ಲಬೇಕಾಗುತ್ತೆ ಎಂದಮೇಲೆ, ಚೆಲ್ಲುವುದು ಪಾಪ ಎಂಬ ಒಂದೇ ಕಾರಣಕ್ಕೆ ಅವಳ ಬಟ್ಟಲು ಮುಂದೆ ಬರುತ್ತಿತ್ತು. ಮಿನ್ನೆಸೋಟದ ಪಶ್ಚಿಮದ ಅಂಚಿನ ನೋರ್‌ಬೆಕ್ ಊರಿನಲ್ಲಿ ಇದನ್ನು ಯಾರೂ ವಿಚಿತ್ರವೆಂದು ತಿಳಿಯುವುದಿಲ್ಲ. ಅಲ್ಲಿ ಮೊದಲನೆಯ ಬೇಡ ಮರ್ಯಾದೆ, ಎರಡನೆಯ ಬೇಡ ಮನೆತನ, ಮೂರನೆಯ ಸಲ ಹೇಳುವುದು ಮಾತ್ರ ಉತ್ತರ.

ಚರ್ಚಿನ ನೆಲಮಾಳಿಗೆಯಲ್ಲಿ ಭಾನುವಾರದ ಕಾಫಿಗೆ ಕೂತಾಗ ನೋಡಬೇಕು. ತಟ್ಟೆಯಲ್ಲಿ ನಿಂಬೆಯ ಸಿಹಿತುಂಡು ಒಂದೇ ಉಳಿದಿದೆ ಎನ್ನಿ. ಅದನ್ನು ಪೂರ್ತಿ ಎತ್ತಿಕೊಳ್ಳುವ ಗಂಡಸು ಆ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಒಬ್ಬಳು ಅರ್ಧ ಕತ್ತರಿಸಿಕೊಳ್ಳುತ್ತಾಳೆ, ಮತ್ತೊಬ್ಬಳು ಉಳಿದರ್ಧದಲ್ಲಿ ಅರ್ಧ. ಕೊನೆಗೆ ತಟ್ಟೆ ತೊಳೆಯುವವಳ ಕೈಗೆ ಉಗುರಿನಷ್ಟು ಚೂರು ಸಿಗುತ್ತದೆ, ಅದರ ಮೇಲೂ ಚಾಕುವಿನ ಗೀರು ಇರುತ್ತದೆ.

ಈ ಮರ್ಯಾದೆಗೆ ಆರ್ಡಿಸ್ ತೆತ್ತ ಬೆಲೆ ಸಣ್ಣದಲ್ಲ. ಹತ್ತೊಂಬತ್ತರ ಹರೆಯದಲ್ಲಿ ಟ್ರ್ಯಾಕ್ಟರ್ ಮಾರಲು ಶಿಕಾಗೋದಿಂದ ಬಂದ ಸುಂದರನೊಬ್ಬ ಮದುವೆಯಾಗುತ್ತೀಯಾ ಎಂದು ಕೇಳಿದ್ದ. "ಅಯ್ಯೋ, ನಿಮಗೆ ನನಗಿಂತ ಒಳ್ಳೇವ್ರು ಸಿಕ್ತಾರೆ," ಎಂದಳು. ಆ ಪುಣ್ಯಾತ್ಮ ಅದನ್ನು ನಂಬಿ ಮಾರನೆಯ ದಿನದ ಬಸ್ಸಿಗೆ ಹೊರಟುಹೋದ. ಆರ್ವಿಲ್ ಟಾಲೆಫ್‌ಸನ್ ಇದೇ ಊರಿನವನು. ಒಮ್ಮೆ ಹಟ್ಟಿಯಲ್ಲಿ, ಒಮ್ಮೆ ಚರ್ಚಿನ ಮೆಟ್ಟಿಲ ಮೇಲೆ, ಮತ್ತೊಮ್ಮೆ ಮೀನು ಹಿಡಿಯುತ್ತಾ ಕೇಳಿದ. ಮೂವತ್ತೆಂಟು ವರ್ಷ ಚೆನ್ನಾಗಿಯೇ ಬಾಳಿದರು. ಆರ್ವಿಲ್ ತೀರಿಕೊಂಡ ವರ್ಷ ಅವಳ ಪಿತ್ತಕೋಶ ತೆಗೆದಾಗ, ಟೆಕ್ಸಾಸಿನ ನರ್ಸ್ ಒಬ್ಬಳು ನೋವಿಗೆ ಮಾತ್ರೆ ಕೊಡಲೇ ಎಂದು ಒಂದೇ ಸಲ ಕೇಳಿ ದೀಪ ಆರಿಸಿ ಹೋದಳು. ಆರ್ಡಿಸ್ ಹೊದಿಕೆಯ ಅಂಚು ಕಚ್ಚಿಕೊಂಡು ಬೆಳಗು ಮಾಡಿದಳು. ಮನೆಗೆ ಬಂದಮೇಲೆ, "ಪಾಪ ಒಳ್ಳೇ ಹುಡುಗಿ, ಆದ್ರೆ ಮನೇಲಿ ಏನೂ ಹೇಳ್ಕೊಟ್ಟಿಲ್ಲ," ಎಂದಳು, ಅಷ್ಟೇ.

ಈ ಮಾತನ್ನು ಅವಳು ಹೇಳಿದ್ದು ಲವಾನ್ ಎದುರಿಗೆ. ಏನೇ ಹೇಳುವುದಿದ್ದರೂ ಅವಳು ಹೇಳುತ್ತಿದ್ದದ್ದು ಲವಾನ್ ಎದುರಿಗೇ. ಇಬ್ಬರೂ ಊರ ಶಾಲೆಯ ಅಡುಗೆಮನೆಯಲ್ಲಿ ಒಟ್ಟಿಗೆ ಸೌಟು ಹಿಡಿದವರು, ಎದುರುಬದುರು ಮನೆಯವರು. ಲವಾನ್ ಮತ್ತು ಅವಳ ಗಂಡ ಕ್ಲೇಟನ್ ಹಿಮ ಬೀಳುವ ಮುಂಚೆ ಕಾರು ಹತ್ತಿ ಅರಿಜೋನದ ಬಿಸಿಲಿಗೆ ಹೋಗಿ ಏಪ್ರಿಲ್‌ನಲ್ಲಿ ಬಿಸಿಲಿಗೆ ಮೈ ಕಂದಾಗಿ ಮರಳುತ್ತಿದ್ದರು. ಆ ತಿಂಗಳುಗಳಲ್ಲಿ ಆರ್ಡಿಸ್ ಎದುರಿನ ಕತ್ತಲೆ ಕಿಟಕಿಯನ್ನು ನೋಡುತ್ತಾ ಹಿಮ ಗೋರುತ್ತಿದ್ದಳು. ಮೇ ತಿಂಗಳಲ್ಲಿ ಕ್ಲೇಟನ್ ತೀರಿಕೊಂಡ. ಅರಿಜೋನದ ಆ ಪುಟ್ಟ ಮನೆಯಲ್ಲಿ ಎರಡನೆಯ ಹಾಸಿಗೆ ಖಾಲಿಯಾಯಿತು, ಕಾರಿನಲ್ಲಿ ಪಕ್ಕದ ಸೀಟೂ ಖಾಲಿಯಾಯಿತು. ಆರ್ಡಿಸ್‌ಗೆ ಹೋಗಬೇಕೆಂದಿತ್ತು. ಇನ್ನೊಂದು ಚಳಿಗಾಲವನ್ನು ಒಬ್ಬಳೇ ಕಳೆಯುವ ಶಕ್ತಿ ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕೇಳುವುದಂತೂ ಆಗದ ಮಾತು. ಆದರೆ ಸೆಪ್ಟೆಂಬರಿನಲ್ಲೊಮ್ಮೆ ಎಲ್ಲ ನಾಚಿಕೆ ಬಿಟ್ಟು, "ಅರಿಜೋನದಲ್ಲಿ ಬಿಸಿಲು ಸ್ವಲ್ಪ ಜಾಸ್ತೀನೇ ಅನ್ಸುತ್ತೆ, ಅಲ್ವಾ?" ಎಂದಿದ್ದಳು. ನೋರ್‌ಬೆಕ್ಕಿನಲ್ಲಿ ಇದಕ್ಕೆ ಕಾಲಿಗೆ ಬಿದ್ದು ಬೇಡುವುದು ಎಂದು ಅರ್ಥ. ಲವಾನ್ ಕಣ್ಣು ಕಿರಿದಾಗಿಸಿ, "ನೆರಳೂ ಇರುತ್ತೆ," ಎಂದಿದ್ದಳು. ಅಷ್ಟು ಸಾಕಾಗಿತ್ತು. ಇನ್ನು ಲವಾನ್ ಕೇಳಬೇಕು, ತಾನು ಎರಡು ಸಲ ಬೇಡ ಎನ್ನಬೇಕು, ಹೊರಡಬೇಕು.

ಈ ನಡುವೆ ಹಲಗೆ ಬಂತು. ಇ-ಪುಸ್ತಕ ಓದುವ ತೆಳ್ಳಗಿನ ಹಲಗೆ. ಆರ್ಡಿಸ್‌ಗೆ ಮಗಳು ಕಳಿಸಿದ್ದಳು, ಲವಾನ್ ತಾನೇ ಕೊಂಡಿದ್ದಳು. ಅದರಲ್ಲಿ ಸ್ನೇಹಿತರಿಗೆ ಪುಸ್ತಕ ಎರವಲು ಕೊಡಬಹುದು ಎಂದು ಚರ್ಚಿನ ಓದುಗ ಹೆಂಗಸರಿಗೆ ತಿಳಿದದ್ದೇ ಎಲ್ಲರ ಕಿವಿ ನೆಟ್ಟಗಾಯಿತು. ಎರಡು ವಾರ ಇರುತ್ತದೆ, ಆಮೇಲೆ ತಾನಾಗಿಯೇ ಹಿಂದಕ್ಕೆ ಹೋಗುತ್ತದೆ. ಪುಟ ಮಡಿಸುವಂತಿಲ್ಲ, ಗ್ರೇವಿ ಚೆಲ್ಲುವಂತಿಲ್ಲ, ಹಿಂದಿರುಗಿಸಲಿಲ್ಲವೆಂದು ಮನಸ್ಸಿನಲ್ಲೇ ಹತ್ತು ವರ್ಷ ಕುದಿಯುವಂತಿಲ್ಲ. ಹಾಗಾದರೆ ಸ್ನೇಹಿತರಿಗೆ ಇನ್ನೇನು ಉಳಿಯಿತು ಎಂದು ಯಾರೂ ಯೋಚಿಸಲಿಲ್ಲ.

ಕಾಗದದ ಪುಸ್ತಕಕ್ಕೆ ತಾಳ್ಮೆ ಇತ್ತು. ಲವಾನ್ ಪುಸ್ತಕ ತಂದು ಆರ್ಡಿಸಳ ಅಡುಗೆಮನೆಯ ಮೇಜಿನ ಮೇಲಿಡುತ್ತಿದ್ದಳು. ನೀನೇ ಇನ್ನೊಂದ್ಸಲ ಓದ್ಕೋ ಎಂದು ಇವಳು ಅವಳ ಚೀಲಕ್ಕೆ ತುರುಕುತ್ತಿದ್ದಳು. ಅವಳು ಹೋಗುವಾಗ ಅಂಚೆಪೆಟ್ಟಿಗೆಗೆ ಹಾಕುತ್ತಿದ್ದಳು, ಇವಳು ಅವಳ ಬಾಗಿಲಿಗೆ ನೇತುಹಾಕುತ್ತಿದ್ದಳು, ಅದು ಕೊನೆಗೆ ಇವಳ ಕಾರಿನ ಸೀಟಿನ ಮೇಲೆ ಸಿಗುತ್ತಿತ್ತು. ಆಗ ಆರ್ಡಿಸ್ ನಿಶ್ಚಿಂತೆಯಿಂದ ಓದುತ್ತಿದ್ದಳು.

ಅಕ್ಟೋಬರಿನಲ್ಲಿ ಲವಾನ್ ಒಂದು ಹೊಸ ಕಾದಂಬರಿ ಓದಿ ಮುಗಿಸಿದಳು. ಒಬ್ಬ ವಿಧವೆ, ಒಂದು ದೀಪಸ್ತಂಭ, ಎಣಿಸಲಾರದಷ್ಟು ಕೊಲೆ. ಗ್ರಂಥಾಲಯದಲ್ಲಿ ಅದಕ್ಕೆ ಕಾದವರ ಸಾಲು ವಸಂತದವರೆಗೆ ಇತ್ತು. ಆರ್ಡಿಸ್ ಅದಕ್ಕಾಗಿ ಬಾಯಿ ಬಿಡುತ್ತಿದ್ದಳು. ಅಂದರೆ, "ಅದೇನು ಅಷ್ಟು ಚೆನ್ನಾಗಿರಲಿಕ್ಕಿಲ್ಲ ಬಿಡು," ಎಂದು ಎರಡು ಸಲ ಹೇಳಿದ್ದಳು. ಲವಾನ್ ಅರ್ಥಮಾಡಿಕೊಂಡು, ಅರ್ಧ ದಿನ ಗುದ್ದಾಡಿ, ಸರಿಯಾದ ಗುಂಡಿ ಹುಡುಕಿ ಒತ್ತಿದಳು.

ಆರ್ಡಿಸಳ ಹಲಗೆಯ ಮೇಲೆ ಅಕ್ಷರ ಮೂಡಿತು: ಲವಾನ್ ನಿಮಗೆ ಪುಸ್ತಕ ಎರವಲು ಕೊಡಲು ಬಯಸುತ್ತಾರೆ. ಕೆಳಗೆ ಎರಡು ಗುಂಡಿ. ಬೇಕು. ಬೇಡ.

ಆರ್ಡಿಸ್ ಹಲಗೆಯನ್ನೇ ನೋಡಿದಳು. ಖುಷಿಯಿಂದ ಕೆನ್ನೆ ಕೆಂಪಾಯಿತು. ಏಪ್ರನ್ ಸರಿಮಾಡಿಕೊಂಡಳು. ಆಮೇಲೆ ಮನೆತನಸ್ಥ ಹೆಂಗಸು ಏನು ಮಾಡಬೇಕೋ ಅದನ್ನೇ ಮಾಡಿದಳು. ಬೇಡ ಎಂಬುದನ್ನು ಒತ್ತಿ, ಎರಡನೆಯ ಸಲ ಕೇಳಲಿ ಎಂದು ಕೈಕಟ್ಟಿ ಕೂತಳು.

ಹಲಗೆ ಕೇಳಲಿಲ್ಲ. ಊಟವಾಯಿತು, ಪಾತ್ರೆಯಾಯಿತು, ಅದು ಸುಮ್ಮನೇ ಇತ್ತು. ಮಾರನೆಯ ದಿನವೂ ಸುಮ್ಮನಿತ್ತು. ಲವಾನ್ ಕೂಡ ಸುಮ್ಮನಿದ್ದಳು.

ಆರ್ಡಿಸ್‌ಗೆ ಅನುಮಾನ ಶುರುವಾದದ್ದು ಲವಾನ್ ಅವಳ ಜೊತೆ ಬಹಳ ಚೆನ್ನಾಗಿ ನಡೆದುಕೊಳ್ಳತೊಡಗಿದಾಗ. ನೋರ್‌ಬೆಕ್ಕಿನಲ್ಲಿ ಕೂಗಾಡುವುದಿಲ್ಲ, ಬಾಗಿಲು ಬಡಿಯುವುದಿಲ್ಲ. ಸಿಟ್ಟು ಬಂದರೆ ವಿನಯ ಹೆಚ್ಚುತ್ತದೆ. ಬೆಳಗಿನ ಕಾಫಿಗೆ ಹಿಂಬಾಗಿಲಿಂದ ನುಗ್ಗುತ್ತಿದ್ದವಳು ಈಗ ಮುಂಬಾಗಿಲಿಗೆ ಬಂದು ಗಂಟೆ ಒತ್ತಿದಳು. ಕಾಲೊರೆಸಿಕೊಂಡಳು. ಹೊರಡುವಾಗ ವಂದನೆ ಹೇಳಿದಳು. ಮೂರನೆಯ ದಿನ ಅಂಚೆಯಲ್ಲಿ ಒಂದು ಕಾರ್ಡು ಬಂತು, ಕಾಫಿಗೆ ಕೃತಜ್ಞತೆ ಎಂದು. ಎದುರುಮನೆಯಿಂದ ಅಂಚೆಯಲ್ಲಿ! ಆರ್ಡಿಸ್ ಕಾರ್ಡು ಹಿಡಿದುಕೊಂಡು ಕುರ್ಚಿಯ ಮೇಲೆ ಕುಸಿದಳು. ಇಷ್ಟು ಕೋಪವನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

ದಿಕ್ಕು ತೋಚದೆ ಪಾದ್ರಿಯ ಹೆಂಡತಿ ಡೋನಾ ಹತ್ತಿರ ಹಲಗೆ ಹೊತ್ತುಕೊಂಡು ಹೋದಳು. ಡೋನಾ ನ್ಯೂಜರ್ಸಿಯವಳು. ಏನು ಕೊಟ್ಟರೂ ಮೊದಲ ಸಲಕ್ಕೇ ಹೂಂ ಎನ್ನುತ್ತಿದ್ದಳು, ಕೊನೆಯ ತುಂಡನ್ನು ಪೂರ್ತಿ ತಿನ್ನುತ್ತಿದ್ದಳು. ಅವಳಿಗಾಗಿ ಊರಿನವರು ಒಳಗೊಳಗೇ ಪ್ರಾರ್ಥಿಸುತ್ತಿದ್ದರು.

"ಬೇಡ ಅಂತ ಒತ್ತಿದ್ದೀರಲ್ಲ ಆರ್ಡಿಸಮ್ಮ," ಎಂದಳು ಡೋನಾ.

"ಹೌದು. ಇನ್ನೊಂದ್ಸಲ ಯಾವಾಗ ಕೇಳುತ್ತೆ?"

"ಯಾರು?"

"ಇದು." ಆರ್ಡಿಸ್ ಹಲಗೆ ತಟ್ಟಿದಳು.

"ಅದ್ಯಾಕೆ ಕೇಳುತ್ತೆ? ಬೇಡ ಅಂದ್ರೆ ಬೇಡ. ಈ ಪುಸ್ತಕ ಮಾರೋ ಅಂಗಡಿಯೋರ ಲೆಕ್ಕದಲ್ಲಿ ಒಂದು ಪುಸ್ತಕ ಒಂದೇ ಸಲ ಎರವಲು ಕೊಡಬೋದು. ಆ ಒಂದ್ಸಲ ಲವಾನ್ ನಿಮಗೇ ಕೊಟ್ರು, ನೀವು ಒಲ್ಲೆ ಅಂದ್ರಿ. ಇನ್ನು ಯಾರಿಗೂ ಕೊಡೋ ಹಾಗಿಲ್ಲ. ಅವರಿಗೂ ಬರೆದು ಕಳಿಸಿರ್ತಾರೆ."

"ಏನಂತ?"

"ನೀವು ನಿರಾಕರಿಸಿದ್ರಿ ಅಂತ."

ಬೇಡ ಎಂಬುದು ಗಾಳಿಯಲ್ಲಿ ಹೇಳಿ ಗಾಳಿಗೆ ಬಿಡುವ ಮಾತು. ಅದನ್ನು ಬರೆಯುತ್ತಾರೆಯೇ? ಬರೆದು ಸ್ನೇಹಿತೆಯ ಮನೆಗೆ ಕಳಿಸುತ್ತಾರೆಯೇ?

"ಇದರಲ್ಲೇನಿದೆ, ಹೋಗಿ ಹೇಳಿಬಿಡಿ, ನಂಗೆ ಪುಸ್ತಕ ಬೇಕಿತ್ತು ಅಂತ," ಎಂದಳು ಡೋನಾ.

"ಛೆ ಛೆ," ಎಂದಳು ಆರ್ಡಿಸ್, ಬಟ್ಟೆ ಬಿಚ್ಚಿ ಬೀದಿಯಲ್ಲಿ ನಡೆ ಎಂದು ಹೇಳಿಸಿಕೊಂಡವಳ ಹಾಗೆ.

ಆ ಭಾನುವಾರ, ಕಾಫಿಯ ಮೇಜಿನ ಬಳಿ, ಲವಾನ್ ಸಕ್ಕರೆ ಕಲಕುತ್ತಾ ಬಟ್ಟಲಿನೊಳಗೇ ನೋಡುತ್ತಾ ಹೇಳಿದಳು. "ಅರಿಜೋನದಲ್ಲಿ ಒಂದು ಹಾಸಿಗೆ ಖಾಲಿ ಇದೆ. ನೀನು ಬರೋದೇನೂ ಇಲ್ಲ ಅನ್ನು."

ಬೇಸಿಗೆಯೆಲ್ಲ ಕಾದ ಮಾತು ಬಂದಿತ್ತು. ಆರ್ಡಿಸಳ ಮನಸ್ಸು ಹೂಂ ಹೂಂ ಎಂದು ಕುಣಿಯಿತು. ಬಾಯಿ ಮಾತ್ರ ಅಭ್ಯಾಸಬಲದಿಂದ, "ಅಯ್ಯೋ ಬಿಡೇ, ನಾನಲ್ಲಿ ಬಂದು ಏನ್ಮಾಡ್ಲಿ," ಎಂದಿತು.

"ಸರಿ ಹಾಗಾದ್ರೆ," ಎಂದಳು ಲವಾನ್.

ಇಷ್ಟು ವರ್ಷಗಳಲ್ಲಿ ಲವಾನ್ ಅವಳ ಮಾತನ್ನು ಹೇಳಿದ ಹಾಗೇ ನಂಬಿದ್ದು ಅದೇ ಮೊದಲು. ಆರ್ಡಿಸ್ ಕಾಯುತ್ತಾ ನಿಂತಳು. ಲವಾನ್ ಬಟ್ಟಲು ತೊಳೆದು, ಕೋಟು ಹಾಕಿಕೊಂಡು, ಎಲ್ಲರಿಗೂ ವಂದಿಸಿ ಹೊರಟುಹೋದಳು. ಆರ್ಡಿಸ್ ಮನೆಗೆ ಬಂದು ಅತ್ತಳು. ಯಾರೂ ನೋಡದಿದ್ದರೂ ಮುಖಕ್ಕೆ ಟವೆಲ್ ಒತ್ತಿಕೊಂಡು ಅತ್ತಳು, ಸದ್ದಾಗದ ಹಾಗೆ.

ನವೆಂಬರಿನ ಮೊದಲ ಹಿಮ ಬಿದ್ದ ಬೆಳಿಗ್ಗೆ ಎದುರುಮನೆಯ ಕಾರು ಶುರುವಾಯಿತು. ಆರ್ಡಿಸ್ ಕಿಟಕಿಯಿಂದ ನೋಡಿದಳು. ಪಕ್ಕದ ಸೀಟಿನಲ್ಲಿ ಲವಾನ್ ದಿಂಬುಗಳನ್ನು ಪೇರಿಸುತ್ತಿದ್ದಳು. ಆ ದಿಂಬುಗಳನ್ನು ಕಂಡಾಗ ಆರ್ಡಿಸ್‌ಗೆ ಒಮ್ಮೆಲೇ ಸಿಟ್ಟು ಬಂತು, ಹಲಗೆಯ ಮೇಲೆ, ತನ್ನ ಮೇಲೆ, ತನ್ನಮ್ಮನ ಮೇಲೆ, ನಾರ್ವೆಯಿಂದ ಹಡಗು ಹತ್ತಿದ ಅಜ್ಜಿಯ ಮೇಲೂ. ಕೋಟು ಹಾಕಿಕೊಂಡು, ಕೈಯಲ್ಲಿ ಒಂದು ಡಬ್ಬಿ ತಿಂಡಿಯೂ ಇಲ್ಲದೆ, ರಸ್ತೆ ದಾಟಿದಳು.

"ಲವಾನ್."

"ಒಳ್ಳೇದಾಯ್ತು ಬಂದೆ. ತುಂಬಾ ಸಂತೋಷ," ಎಂದಳು ಲವಾನ್, ಚೂರಿಯಷ್ಟು ನಯವಾಗಿ.

"ಇನ್ನೊಂದ್ಸಲ ಕೇಳೇ ನನ್ನ."

"ಏನನ್ನ?"

"ಗೊತ್ತಿಲ್ವೇನೇ ನಿಂಗೆ? ಕೇಳು ಅಂದ್ರೆ ಕೇಳು."

ಲವಾನ್ ದಿಂಬನ್ನು ಎದೆಗವಚಿಕೊಂಡು ನಿಂತಳು. ವಿನಯ ಒಡೆಯಿತು. "ಯಾಕೇ ಕೇಳ್ಬೇಕು? ಬರೆದು ಕಳಿಸಿದ್ದೀಯಲ್ಲ! ಆರ್ಡಿಸ್ ಟಾಲೆಫ್‌ಸನ್ ನಿಮ್ಮ ಪುಸ್ತಕವನ್ನು ನಿರಾಕರಿಸಿದ್ದಾರೆ ಅಂತೆ. ನಿರಾಕರಿಸಿದ್ದಾರೆ! ಕ್ಲೇಟನ್ ಸತ್ತಾಗ ವಿಮೆಯೋರು ಕೂಡ ನಂಗೆ ಹಾಗೆ ಬರೀಲಿಲ್ಲ ಕಣೇ. ಓದಿ ಊಟ ಸೇರ್ಲಿಲ್ಲ ನಂಗೆ. ಒಂದೇ ಸಲ ಕೊಡೋದಕ್ಕಾಗೋದು ಅಂತ ಗೊತ್ತಿದ್ದೂ ನಿಂಗೇ ಅಂತ ಇಟ್ಟಿದ್ದೆ."

"ಅದು ಮೊದಲ್ನೇ ಬೇಡ ಕಣೇ! ಎರಡ್ನೇದಕ್ಕೆ ಕಾಯ್ತಾ ಕೂತಿದ್ದೆ. ಆ ದರಿದ್ರ ಹಲಗೆ ಕೇಳ್ಲೇ ಇಲ್ಲ."

ಲವಾನ್ ಅವಳನ್ನೇ ನೋಡಿದಳು. ಬಾಯಿಯ ಒಂದು ಮೂಲೆ ನಡುಗಿತು. ಆಮೇಲೆ ದಿಂಬಿನೊಳಗೆ ಮುಖ ಹುದುಗಿಸಿ ನಕ್ಕಳು, ಅಥವಾ ಅತ್ತಳು. ಕೋಟಿನ ಬೆನ್ನು ಮಾತ್ರ ಕುಲುಕುತ್ತಿತ್ತು.

"ಯಂತ್ರಕ್ಕೆ ಮರ್ಯಾದೆ ಮಾಡೋಕೆ ಹೋಗಿದ್ದೀಯಲ್ಲೇ ಪೆದ್ದಿ," ಎಂದು ಕಣ್ಣೊರೆಸಿಕೊಂಡಳು. "ಆ ಪುಸ್ತಕ ಇನ್ನು ನಿಂಗೆ ಕೊಡೋಕಾಗಲ್ಲ. ಆದ್ರೆ ಹಲಗೆ ಇಲ್ಲೇ ಕಾರಲ್ಲಿದೆ. ನಾನು ಓಡಿಸ್ತೀನಿ, ನೀನು ಗಟ್ಟಿಯಾಗಿ ಓದು. ಅದಕ್ಕೆ ಯಾವ ಅಂಗಡಿಯೋನ ಅಪ್ಪಣೆ ಬೇಕು? ಬರ್ತೀಯಾ ಅರಿಜೋನಕ್ಕೆ?"

ಆರ್ಡಿಸ್ ಬಾಯಿ ತೆರೆದಳು. ಬಾಯಿಂದ ಏನು ಹೊರಡಲಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

"ತಡಿ," ಎಂದು ಲವಾನ್ ಕೈ ಅಡ್ಡ ಹಿಡಿದಳು. "ಒಂದು ಬೇಡ ಚರ್ಚಲ್ಲೇ ಆಯ್ತು. ಇನ್ನು ಎಷ್ಟು ಉಳಿದಿದ್ಯೋ ಎಲ್ಲಾ ಒಟ್ಟಿಗೆ ಹೇಳ್ಬಿಡು. ರಸ್ತೆ ಮೇಲೆ ಮಂಜುಗಡ್ಡೆ ಕಟ್ತಿದೆ."

"ಬೇಡ, ಬೇಡ," ಎಂದಳು ಆರ್ಡಿಸ್ ಒಂದೇ ಉಸಿರಿಗೆ. "ಹೂಂ. ಬಟ್ಟೆ ತುಂಬ್ಕೊಂಡು ಬರ್ತೀನಿ."

"ನಿಧಾನವಾಗಿ ತುಂಬ್ಕೋ. ನಂಗೇನೂ ಅವಸರ ಇಲ್ಲ."

ಆರ್ಡಿಸ್ ರಸ್ತೆ ದಾಟಿ ಒಳಗೆ ಹೋದಳು. ಲವಾನ್ ದಿಂಬುಗಳನ್ನು ಹಿಂದಿನ ಸೀಟಿಗೆ ಎಸೆದು, ಕಾರನ್ನು ಅವಳ ಬಾಗಿಲಿಗೇ ತಂದು ನಿಲ್ಲಿಸಿದಳು. ಪರದೆ ಸರಿದಿತ್ತು, ಅಡುಗೆಮನೆ ಪೂರ್ತಿ ಕಾಣುತ್ತಿತ್ತು. ಫ್ರಿಜ್ಜು ಖಾಲಿಯಾಗಿ ಬಾಗಿಲು ತೆರೆದುಕೊಂಡು ನಿಂತಿತ್ತು. ಕಿಟಕಿಯ ಹೂಕುಂಡಗಳೆಲ್ಲ ಯಾರ ಮನೆಗೋ ಹೋಗಿದ್ದವು. ಬಾಗಿಲ ಬಳಿ ಕಂದು ಬಣ್ಣದ ಸೂಟ್‌ಕೇಸ್, ಬೆಲ್ಟು ಬಿಗಿದು, ಮೇಲೊಂದು ಬಿಸಿಲ ಟೋಪಿ ಇಟ್ಟುಕೊಂಡು ಎಂದಿನಿಂದಲೋ ಸಿದ್ಧವಾಗಿತ್ತು. ಅದರ ಪಕ್ಕದ ಕುರ್ಚಿಯಲ್ಲಿ ಆರ್ಡಿಸ್ ಕೋಟು ತೊಟ್ಟು, ಮಡಿಲಲ್ಲಿ ಕೈಯಿಟ್ಟುಕೊಂಡು, ಒಬ್ಬ ಹೆಂಗಸಿಗೆ ಬಟ್ಟೆ ತುಂಬಿಕೊಳ್ಳಲು ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಹೊತ್ತು ಸುಮ್ಮನೆ ಕೂತಿದ್ದಳು.

ಲವಾನ್ ಹಾರ್ನ್ ಒತ್ತಲಿಲ್ಲ.