ಸೇತುವೆಯಡಿಯಲ್ಲಿ ಮೂಡಿದ ಒಮ್ಮತ

ಸರಕು ಸಾಗಣೆಯ ಯೋಜನೆ ಎಂಬುದು ಕೀರ್ತಿ ತರುವ ಕ್ಷೇತ್ರವಲ್ಲ. ಅಂಗಡಿಯಲ್ಲಿ ಸೋಪು ಸಿಕ್ಕಾಗ ಅದು ಬಂದ ದಾರಿಯನ್ನು ಯಾರೂ ನೆನೆಯುವುದಿಲ್ಲ. ಸಿಗದಿದ್ದಾಗ ಸರ್ಕಾರವನ್ನು ಬಯ್ಯಲು ಮಾತ್ರ ಎಲ್ಲರಿಗೂ ಬಾಯಿ ಬರುತ್ತದೆ. ಇಂಥ ಕ್ಷೇತ್ರದಲ್ಲಿ ಮೂರು ದಶಕ ದುಡಿದು, ಒಂದು ಪದಕವನ್ನೂ ಪಡೆಯದೆ ಕಳೆದ ತಿಂಗಳು ನಿವೃತ್ತರಾದ ನಮ್ಮ ಸರಕು ಯೋಜನಾ ಶಾಖೆಯ ಮುಖ್ಯಸ್ಥೆ, ಚಾಲಕರೆಲ್ಲರ ಬಾಯಲ್ಲಿ ‘ಲಾರಿ ಅಕ್ಕ’ ಎಂದೇ ಹೆಸರಾದ ಮೇಡಂ ಅವರನ್ನು ಕುರಿತು ಬರೆಯುವ ಭಾಗ್ಯ ನನ್ನದಾಗಿದೆ. ಲೇಖನ ಗಂಭೀರವಾಗಿರಲಿ ಎಂದು ಸಂಪಾದಕ ಮಂಡಳಿಯವರು ಸೂಚಿಸಿದ್ದಾರೆ. ಮೇಡಂ ಅವರ ಕೈಕೆಳಗೆ ಕೆಲಸ ಮಾಡಿದವನಿಗೆ ಅದು ಆಗದ ಮಾತು, ಆದರೂ ಪ್ರಯತ್ನಿಸುತ್ತೇನೆ.

ಶಾಖೆಗೆ ಸೇರಿದ ಹೊಸದರಲ್ಲಿ ನಾನು ಗೋದಾಮುಗಳಿಂದ ಬಂದರಿನವರೆಗಿನ ಮಾರ್ಗದ ನಕ್ಷೆಯನ್ನು ಬಣ್ಣಬಣ್ಣವಾಗಿ ಬರೆದು ಹೊಗಳಿಕೆಗೆ ಕಾದು ನಿಂತಿದ್ದೆ. ಮೇಡಂ ಕನ್ನಡಕ ಏರಿಸಿ ನೋಡಿ, “ಚೆನ್ನಾಗಿದೆಯಪ್ಪ. ಈ ತಿರುವಲ್ಲಿ ಲಾರೀನ ಮಡಚಿ ಜೇಬಲ್ಲಿ ಇಟ್ಕೊಂಡು ಹೋಗ್ಬೇಕಾ?” ಎಂದರು. ಮರುದಿನ ನನ್ನನ್ನು ಲಾರಿಯಲ್ಲೇ ಕೂರಿಸಿ ಆ ತಿರುವಿಗೆ ಕಳಿಸಿದರು. ಲಾರಿಯ ಕನ್ನಡಿ ತಾಗಿ ದರ್ಜಿಯೊಬ್ಬನ ಅಂಗಡಿಯ ಬೋರ್ಡು ಕಳಚಿ ಬಿತ್ತು. ದರ್ಜಿ ನನ್ನ ಕೊರಳಪಟ್ಟಿ ಹಿಡಿದಾಗ ಮೇಡಂ ತಾವೇ ಬಂದು ಬಿಡಿಸಿದರು, ಬೋರ್ಡನ್ನು ಮತ್ತೆ ನಿಲ್ಲಿಸಿದರು, ಅಂದಿನಿಂದ ಮನೆಯವರ ಬಟ್ಟೆಗಳನ್ನೆಲ್ಲ ಅವನ ಹತ್ತಿರವೇ ಹೊಲಿಸಿದರು. ಅವನು ಕೆಟ್ಟದಾಗಿ ಹೊಲಿಯುತ್ತಿದ್ದನೆಂಬುದು ಇಲಾಖೆಗೆಲ್ಲ ಗೊತ್ತಿದ್ದ ವಿಷಯ.

ಇನ್ನೊಮ್ಮೆ ನಾನು ಕಾಮಾಲೆಯಿಂದ ಮಲಗಿದ್ದಾಗ, ಬಂದರಿನ ಗೇಟಿನಲ್ಲಿ ವಾಹನ ಎಣಿಸುವ ನನ್ನ ಕೆಲಸವನ್ನು ಅವರೇ ಬಿಸಿಲಲ್ಲಿ ಕೊಡೆ ಹಿಡಿದು ನಿಂತು ಮಾಡಿದರು. ಗುಣವಾಗಿ ಬಂದವನಿಗೆ ಕಾದಿದ್ದು ಮಾತ್ರ ಬೈಗುಳ: “ಕಾಯಿಲೆ ಬೀಳೋಕೂ ಒಂದು ಯೋಜನೆ ಬೇಡ್ವೇನೋ? ಮಾರ್ಚ್ ತಿಂಗಳಲ್ಲೇ ಬೀಳ್ಬೇಕಿತ್ತಾ?”

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ಗೋದಾಮುಗಳಿಗೂ ಬಂದರಿಗೂ ನಡುವೆ ರೈಲ್ವೆಯ ಹಳೆಯ ಸೇತುವೆಯೊಂದಿದೆ. ಅದರಡಿ ರಸ್ತೆ ಹಾಯುತ್ತದೆ. ಎತ್ತರದ ಲಾರಿಗಳು ಹಾಯಲಾರವು. ಅವು ಊರನ್ನೆಲ್ಲ ಸುತ್ತಿ ಹೋಗಬೇಕು. ರಸ್ತೆಯನ್ನು ತಗ್ಗಿಸಿದರೆ ಮುಗಿಯಿತು. ಆದರೆ ರಸ್ತೆ ಒಂದು ಇಲಾಖೆಯದು, ಸೇತುವೆ ಇನ್ನೊಂದರದು, ಕಷ್ಟ ಲಾರಿ ಮಾಲೀಕರದು. ಈ ಮೂವರೂ ಒಂದೇ ಮನೆಯ ಮುನಿಸಿಕೊಂಡ ಓರಗಿತ್ತಿಯರಂತೆ, ಮಾತಾಡುವುದಿದ್ದರೆ ನಾಲ್ಕನೆಯವರ ಮೂಲಕವೇ ಮಾತಾಡುತ್ತಿದ್ದರು. ಆ ನಾಲ್ಕನೆಯವರೇ ನಮ್ಮ ಶಾಖೆ.

ಕೊನೆಗೊಮ್ಮೆ ಸರ್ಕಾರ ಈ ಕಾಮಗಾರಿಗೆ ಅನುದಾನ ಕೊಟ್ಟಿತು. ಷರತ್ತು ಇಷ್ಟೇ: ಯಾರು ಯಾವ ಪಾಲಿನ ಹೊಣೆ ಹೊರುತ್ತಾರೆಂದು ಮೂವರೂ ಒಪ್ಪಿ, ಆರ್ಥಿಕ ವರ್ಷ ಮುಗಿಯುವುದರೊಳಗೆ ಸಹಿ ಹಾಕಬೇಕು. ಇಲ್ಲವಾದರೆ ಅನುದಾನ ವಾಪಸು. ಜೊತೆಗೆ ಮೇಲಿನವರಿಂದ ಇನ್ನೊಂದು ಮಾತೂ ಬಂತು: ಇಷ್ಟನ್ನೂ ಮಾಡಿಸಲಾಗದ ಶಾಖೆಯನ್ನು ಇಟ್ಟುಕೊಂಡೇನು ಪ್ರಯೋಜನ, ಮುಚ್ಚಿಬಿಡೋಣ. ನನ್ನ ಹೆಂಡತಿ ಆಗಲೇ ಸಾಮಾನು ಕಟ್ಟಲು ಪೆಟ್ಟಿಗೆ ಹುಡುಕತೊಡಗಿದ್ದಳು.

ಸಭೆಯ ಮೇಲೆ ಸಭೆ ನಡೆದವು. ರೈಲ್ವೆಯ ಎಂಜಿನಿಯರು “ರಸ್ತೆ ಇಳಿಸಿ” ಎಂದರು. ರಸ್ತೆ ಎಂಜಿನಿಯರು “ಸೇತುವೆ ಎತ್ತಿ” ಎಂದರು. ‘ದೊಡ್ಡಣ್ಣ’ ಎಂದು ಕರೆಸಿಕೊಳ್ಳುವ ಮಾಲೀಕರ ಸಂಘದ ಅಧ್ಯಕ್ಷರು “ಇಬ್ರೂ ಸೇರಿ ಏನಾದ್ರೂ ಮಾಡ್ರೀ, ನಮ್ಮನ್ನ ಮಾತ್ರ ಕೇಳ್ಬೇಡಿ” ಎಂದರು. ವರ್ಷದ ಕೊನೆಯ ವಾರ ಬಂತು. ಆಗ ಮೇಡಂ ತಮ್ಮ ಹಳೆಯ ಕ್ರಮಕ್ಕೇ ಮೊರೆಹೋದರು. ಮೂವರನ್ನೂ ಲಾರಿಯಲ್ಲಿ ಕೂರಿಸಿ ಸೇತುವೆಯಡಿ ಹಾಯಿಸುವುದು. ಇಕ್ಕಟ್ಟನ್ನು ಕಣ್ಣಾರೆ ತೋರಿಸುವುದು. ಅದಕ್ಕೆಂದೇ ಕೊಂಚ ಗಿಡ್ಡನೆಯ ಲಾರಿಯೊಂದನ್ನು ಆರಿಸಿ, ಹಿಂದಿನ ವಾರವೇ ಗಳ ಹಿಡಿದು ಅಳೆಸಿದ್ದರು. ನಾಲ್ಕು ಬೆರಳು ಜಾಗ ಉಳಿಯುತ್ತದೆಂದು ಚಾಲಕ ಖಾತ್ರಿ ಕೊಟ್ಟಿದ್ದ.

ಹೊರಟರು. ಮೇಡಂ ಅವರ ಜೊತೆ ಲಾರಿಯಲ್ಲಿ, ನಾನು ಸ್ಕೂಟರಿನಲ್ಲಿ ಹಿಂದೆ. ಲಾರಿ ಸೇತುವೆಯಡಿ ಅರ್ಧ ನುಗ್ಗಿತು, ‘ಕರ್‍ರ್’ ಎಂದಿತು, ನಿಂತಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಎರಡೂ ಕಡೆ ಗೋಡೆ, ಬಾಗಿಲು ತೆರೆಯುವಂತಿಲ್ಲ. ನಾನು ಹೊಟ್ಟೆ ಒಳಗೆಳೆದುಕೊಂಡು ಗೋಡೆಗೆ ಉಜ್ಜಿಕೊಳ್ಳುತ್ತಾ ಹೇಗೋ ಕಿಟಕಿಯವರೆಗೆ ತಲುಪಿದೆ.

“ಏನ್ ಸಾರ್, ನಿಮ್ಮ ಸೇತುವೆ ರಾತ್ರೋರಾತ್ರಿ ಕುಗ್ಗಿಹೋಯ್ತಾ?” ದೊಡ್ಡಣ್ಣ ಕೇಳುತ್ತಿದ್ದರು.

“ನಮ್ಮ ಸೇತುವೆ ಇದ್ದಲ್ಲೇ ಇದೆ,” ರೈಲ್ವೆಯವರು ಕೆರಳಿದರು. “ಇವರ ರಸ್ತೇನೇ ಮೇಲೆ ಬಂದಿರೋದು!”

ರಸ್ತೆ ಎಂಜಿನಿಯರು ಮುಖ ತಗ್ಗಿಸಿದರು. “ನೀವೆಲ್ಲ ದೊಡ್ಡೋರು ಬರ್ತೀರಿ, ಗುಂಡಿ ಕಂಡ್ರೆ ಮರ್ಯಾದೆ ಹೋಗುತ್ತೆ ಅಂತ... ನಿನ್ನೆ ಒಂದು ಪದರ ಡಾಂಬರು ಹಾಕಿಸ್ಬಿಟ್ಟೆ.”

ಅಯ್ಯೋ ದೇವರೇ! ಎಷ್ಟೋ ವರ್ಷ ಅರ್ಜಿ ಹಾಕಿದರೂ ಬಾರದಿದ್ದ ಡಾಂಬರು ಆ ದಿನವೇ ಬರಬೇಕೇ? ನಮ್ಮ ಶಾಖೆಯ ಕತೆ ಅಲ್ಲಿಗೆ ಮುಗಿಯಿತೆಂದೇ ನಾನು ತಲೆಯ ಮೇಲೆ ಕೈಹೊತ್ತೆ. ಹಿಂದಿನಿಂದ ವಾಹನಗಳ ಹಾರನ್ನು, ಮೇಲೆ ಗೂಡ್ಸ್ ರೈಲು. ರೈಲ್ವೆಯವರು ತಮ್ಮದೇ ರೈಲಿಗೆ ಹೆದರಿ ತಲೆ ಬಗ್ಗಿಸಿದ್ದನ್ನು ನಾನೇ ನೋಡಿದ್ದೇನೆ.

ಚಾಲಕ ಮಾತ್ರ ನಿರಾಳವಾಗಿದ್ದ. “ಚಕ್ರದ ಗಾಳಿ ಬಿಟ್ರೆ ಗಾಡಿ ಇಳಿಯುತ್ತೆ ಮೇಡಂ. ಹಿಂದಕ್ಕೆ ತಗೋಬಹುದು.”

“ಬಿಡೋಣಪ್ಪ, ಅವಸರ ಏನು?” ಎಂದರು ಮೇಡಂ. ಅನಂತರ ಕಿಟಕಿಯಿಂದ ನನ್ನನ್ನು ನೋಡಿ, “ನೀನು ಗಾಳಿ ಬಿಡಪ್ಪ. ನಿಧಾನ, ಹುಷಾರು” ಎಂದರು. ಅವರೊಡನೆ ವರ್ಷಗಟ್ಟಲೆ ಏಗಿದವನಿಗೆ ಆ ‘ನಿಧಾನ’ದ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. ನಾನು ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಗಾಳಿ ಬಿಡತೊಡಗಿದೆ. ಅಷ್ಟು ನಿಧಾನವಾಗಿ ನಾನು ಬೇರೆ ಯಾವ ಸರ್ಕಾರಿ ಕೆಲಸವನ್ನೂ ಮಾಡಿಲ್ಲ.

ಮೊದಲು ಕರಗಿದವರು ರೈಲ್ವೆಯವರು. ಅವರಿಗೆ ಸಕ್ಕರೆ ಕಾಯಿಲೆ. ಬಹಳ ಹೊತ್ತು ತಡೆದಿರಲಾರರು. “ಮೇಡಂ, ನಂಗೆ ಸ್ವಲ್ಪ ಅರ್ಜೆಂಟು...”

“ನಮಗೂ ಅರ್ಜೆಂಟೇ ಸಾರ್. ಸೇತುವೆ ಬುಡ ಭದ್ರ ಮಾಡೋದು ನಿಮ್ಮ ಪಾಲಿಗೆ ಇರ್ಲಾ?”

“ಇರ್ಲಿ ತಾಯಿ, ಇರ್ಲಿ!”

ರಸ್ತೆ ಎಂಜಿನಿಯರಿಗೆ ಎದುರಾಡುವ ಮುಖವೇ ಉಳಿದಿರಲಿಲ್ಲ. ಅಗೆದು ತಗ್ಗಿಸುವುದನ್ನು ಒಪ್ಪಿಕೊಂಡರು. ದೊಡ್ಡಣ್ಣನವರು ಕೆಲಸ ಮುಗಿಯುವವರೆಗೆ ಗಾಡಿಗಳ ಸರದಿ ಹೊಂದಿಸಿ, ಸಂಘದಿಂದಲೂ ಒಂದು ಪಾಲು ಕೊಡಲು ತಲೆಯಾಡಿಸಿದರು. ಮೇಡಂ ಕೈಚೀಲದಿಂದ ಒಪ್ಪಂದದ ಪ್ರತಿ ತೆಗೆದರು. ಇಟ್ಟು ಬರೆಯಲು ಸ್ಟಿಯರಿಂಗ್ ಬಿಟ್ಟು ಬೇರೆ ಜಾಗವಿರಲಿಲ್ಲ. ಒಬ್ಬೊಬ್ಬರು ಒತ್ತಿ ಸಹಿ ಹಾಕಿದಾಗಲೂ ಲಾರಿಯ ಹಾರನ್ನು ಊರಿಗೆಲ್ಲ ಕೇಳುವಂತೆ ಕೂಗಿತು. ಆ ಸದ್ದಿಗೆ ನನ್ನ ಕಣ್ಣಲ್ಲಿ ನೀರೇ ಬಂತು. ಗಾಳಿಯನ್ನು ಭರ್‍ರೆಂದು ಬಿಟ್ಟೆ.

ಶಾಖೆ ಉಳಿಯಿತು. ವರ್ಷ ತುಂಬುವಷ್ಟರಲ್ಲಿ ರಸ್ತೆ ತಗ್ಗಿತು. ಇವತ್ತು ಎತ್ತರದ ಲಾರಿಗಳೂ ಅಲ್ಲಿ ಸಲೀಸಾಗಿ ಹಾಯುತ್ತವೆ.

ಕಳೆದ ತಿಂಗಳ ಬೀಳ್ಕೊಡುಗೆಯಲ್ಲಿ ಆ ಮೂವರೂ ಒಂದೇ ಸೋಫಾದಲ್ಲಿ ಕೂತು ಒಬ್ಬರನ್ನೊಬ್ಬರು ಮೀರಿಸುವಂತೆ ಮಾತಾಡಿದರು. ಕೊನೆಗೆ ಯಾರೂ ಕರೆಯದೆಯೇ ಅಂದಿನ ಚಾಲಕ ವೇದಿಕೆ ಹತ್ತಿದ. “ಮೊದ್ಲು ಊರು ಸುತ್ಕೊಂಡು ಮನೆಗೆ ಹೋಗೋಷ್ಟರಲ್ಲಿ ಮಗಳು ಮಲಗಿರೋಳು. ಈಗ ಅವಳಿನ್ನೂ ಎದ್ದಿರ್ತಾಳೆ. ಪುಸ್ತಕ ಹಿಡ್ಕೊಂಡು ಬಾಗಿಲಲ್ಲೇ ಕೂತಿರ್ತಾಳೆ, ಲೆಕ್ಕ ಹೇಳ್ಕೊಡು ಅಂತ. ನಂಗೆಲ್ಲಿ ಬರುತ್ತೆ ಮೇಡಂ ಲೆಕ್ಕ? ನೀವೇ ತಂದಿಟ್ಟ ಪಜೀತಿ ಇದು!”

ಸಭೆಯೆಲ್ಲ ನಕ್ಕಿತು. ಮೇಡಂ ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು. “ನಾಳೆಯಿಂದ ನಾನು ಮನೇಲೇ ಇರ್ತೀನಿ,” ಎಂದರು. “ಕಳಿಸು ಅವಳನ್ನ.”

ಹುಡುಗಿ ಈಗ ಮೂರನೆಯ ತರಗತಿ. ಭಾಗಾಕಾರದಲ್ಲಿ ಬಹಳ ಹಿಂದಿದ್ದಾಳಂತೆ. ಆದರೆ ಮುಂದೆ ಎಂಜಿನಿಯರೇ ಆಗುತ್ತೇನೆಂದು ಹಟ ಹಿಡಿದಿದ್ದಾಳಂತೆ. ಆದ್ದರಿಂದ ಪೂಜ್ಯ ಮೇಡಂ ಅವರು ಆಯುರಾರೋಗ್ಯದಿಂದಿದ್ದು, ಆ ಓದು ಮುಗಿಯುವವರೆಗಾದರೂ ದಣಿವಿಲ್ಲದೆ ಪಾಠ ಹೇಳುತ್ತಿರಲೆಂದು ಹೃತ್ಪೂರ್ವಕವಾಗಿ ಹಾರೈಸುತ್ತೇನೆ. ಅವಳು ಪಾಸಾಗಿ ಬರುವ ವರ್ಷ ನಮ್ಮ ಶಾಖೆಯಲ್ಲಿ ಒಂದು ಕುರ್ಚಿ ಖಾಲಿಯಾಗುತ್ತದೆ, ಅದು ನನ್ನದೇ.