ಅಪ್ಪನ ಮ್ಯುಟೇಶನ್

ಮ್ಯುಟೇಶನ್ ಎಂಬ ಶಬ್ದ ನಮ್ಮ ಮನೆಯೊಳಗೆ ಎರಡು ದಾರಿಯಿಂದ ಬಂದಿದೆ. ನನಗೆ ಬಂದದ್ದು ವಿಜ್ಞಾನದ ಪಾಠದಿಂದ. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ನಾನು ಮಕ್ಕಳಿಗೆ ಉತ್ಪರಿವರ್ತನೆ ಎಂದು ಹೇಳಿಕೊಡುತ್ತೇನೆ. ಅವರ ನಾಲಿಗೆ ಅದರ ಮೇಲೆ ಮುಗ್ಗರಿಸಿ ಬೀಳುವುದನ್ನು ನೋಡಲಾರದೆ 'ಅರೇ, ಮ್ಯುಟೇಶನ್ ಅನ್ರಿ ಸಾಕು' ಎಂದು ನಾನೇ ಸೋಲೊಪ್ಪಿಕೊಳ್ಳುತ್ತೇನೆ. ಅಪ್ಪನಿಗೆ ಅದು ಬಂದದ್ದು ವಿಜಯಪುರ ಕಡೆಯ ತಹಶೀಲ್ದಾರ ಕಚೇರಿಯಿಂದ. ಅಜ್ಜನ ಹೆಸರಿನಲ್ಲಿದ್ದ ತುಂಡು ಹೊಲ ಅಪ್ಪ ಮತ್ತು ಅವನ ತಮ್ಮನಾದ ಕಾಕಾನ ಹೆಸರಿಗೆ ಆಗಬೇಕಾಗಿತ್ತು; ಆ ಖಾತೆ ಬದಲಾವಣೆಗೆ ಅಲ್ಲಿ ಮ್ಯುಟೇಶನ್ ಎನ್ನುತ್ತಾರೆ. ಅದಕ್ಕಾಗಿ ಅಪ್ಪ ವರ್ಷಗಟ್ಟಲೆ ಮುಂಬಯಿಯಿಂದ ಊರಿಗೆ ಓಡಾಡಿದ. ಹೋದಾಗಲೆಲ್ಲ ಸಾಹೇಬರಿಲ್ಲ, ಸಹಿ ಇಲ್ಲ, ಸರ್ವರ್ ಇಲ್ಲ. ಕಡೆಗೊಮ್ಮೆ ಕಾಕಾ ಫೋನ್ ಮಾಡಿ 'ಮ್ಯುಟೇಶನ್ ಆತು' ಎಂದ ದಿನ ಅಪ್ಪ ಚಾಳಿನ ಎಲ್ಲ ಮನೆಗಳಿಗೂ ಪೇಢೆ ಹಂಚಿದ್ದ.

ಹೀಗಾಗಿ ಡಾಕ್ಟರ ಬಾಯಿಂದ ಆ ಶಬ್ದ ಬಂದಾಗ ಇಬ್ಬರ ಕಿವಿಗೂ ಬಿದ್ದದ್ದು ಬೇರೆ ಬೇರೆ.

ಶುರುವಾದದ್ದು ಕಣ್ಣಿನ ಪೊರೆಯಿಂದ. ಪೊರೆ ತೆಗೆಸುವ ಮುಂಚೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಅಪ್ಪನ ಬಿಳಿ ರಕ್ತಕಣಗಳು ಮಿತಿಮೀರಿ ಹೆಚ್ಚಿದ್ದವು. ಕಣ್ಣಿನ ಡಾಕ್ಟರು ರಕ್ತದ ಡಾಕ್ಟರ ಬಳಿಗೆ ಕಳಿಸಿದರು. ಆಕೆ ನನಗಿಂತ ಚಿಕ್ಕವಳು, ಮೃದು ಮಾತಿನವಳು. ಬಿ ಕೋಶಗಳೆಂಬ ಬಿಳಿ ರಕ್ತಕಣಗಳಿಂದ ಹುಟ್ಟುವ ಒಂದು ಬಗೆಯ ರಕ್ತದ ಕ್ಯಾನ್ಸರ್ ಎಂದಳು. ಇದರಲ್ಲಿ ನಿಧಾನದ್ದು, ಅವಸರದ್ದು ಎಂದು ಎರಡಿವೆ, ಯಾವುದೆಂದು ತಿಳಿಯಲು ಆ ಕೋಶಗಳ ಪ್ರತಿಕಾಯದ, ಅಂದರೆ ಆಂಟಿಬಾಡಿಯ, ಜೀನಿನಲ್ಲಿ ಮ್ಯುಟೇಶನ್ ಆಗಿದೆಯೋ ಇಲ್ಲವೋ ನೋಡಬೇಕು ಎಂದಳು. ಮುಂದಿನ ಮಾತು ಶುರುವಾಗುವಷ್ಟರಲ್ಲಿ ನಮ್ಮ ಹೆಡ್‌ಮಿಸ್ಟ್ರೆಸ್ ಫೋನ್ ಬಂತು. ನಾನು ಹೊರಗೆ ಹೋದೆ. ಮರಳಿ ಬಂದಾಗ ಅಪ್ಪ ಅರ್ಥವಾಗದ, ಇಂಗ್ಲಿಷ್ ಬೆರೆತ ಡಾಕ್ಟರೀ ಹಿಂದಿಗೆ ಶಿಸ್ತಾಗಿ ತಲೆಯಾಡಿಸುತ್ತಿದ್ದ, ಆಕೆ ಮುಂದಿನ ರೋಗಿಯನ್ನು ಕರೆಯುತ್ತಿದ್ದಳು. ನನಗೆ ಬೇಕಾದದ್ದೆಲ್ಲ ತಿಳಿಯಿತು ಎಂದುಕೊಂಡೆ. ಯಾರದೇ ವಾಕ್ಯವನ್ನು ಅರ್ಧಕ್ಕೇ ಪೂರ್ತಿ ಮಾಡಿಕೊಳ್ಳುವುದು ನನ್ನ ಸ್ವಭಾವ.

ಮೆಟ್ಟಿಲು ಇಳಿಯುವಾಗ ಅಪ್ಪ ಕೇಳಿದ, "ಯವ್ವಾ, ಮ್ಯುಟೇಶನ್ ಹ್ವಾದ ವರ್ಷನ ಆಗೇದಲ್ಲ? ಮತ್ತ್ಯಾಕ ಕೇಳ್ತಾರ ಇವ್ರು?"

ನಾನು ಮೆಟ್ಟಿಲ ಮೇಲೇ ನಿಂತು ನಕ್ಕೆ. ನಗು ರಸ್ತೆಗೆ ಬರುವಷ್ಟರಲ್ಲಿ ಒಣಗಿಹೋಯಿತು. ಕ್ಯಾನ್ಸರ್ ಇರುವವನಿಗೆ ಮೇಲಿಂದ ಮ್ಯುಟೇಶನ್ ಬೇರೆ ಆಗಿಬಿಟ್ಟಿದ್ದರೆ ಏನು ಗತಿ ಎಂದು ಯೋಚಿಸತೊಡಗಿದೆ.

ವರದಿ ಬರಲು ಕೆಲವು ವಾರ ಬೇಕು ಎಂದಿದ್ದರು. ಆ ವಾರಗಳಲ್ಲಿ ನಾನು ಮೈಮೇಲೆ ಇರುವೆ ಬಿಟ್ಟುಕೊಂಡವಳಂತೆ ಇದ್ದೆ. ಅಪ್ಪ ಫೋರ್ಟ್ ಪ್ರದೇಶದ ಆಫೀಸ್ ಬಿಲ್ಡಿಂಗ್ ಒಂದರಲ್ಲಿ ಲಿಫ್ಟ್‌ಮನ್ ಆಗಿದ್ದು ನಿವೃತ್ತನಾದವನು. ಅವ್ವ ಹೋದ ಮೇಲೂ ಭಾಂಡುಪಿನ ಚಾಳಿನ ಒಂದೇ ಕೋಣೆಯ ಖೋಲಿಯಲ್ಲಿ ಒಬ್ಬನೇ ಖುಷಿಯಿಂದ ಇದ್ದ. ತಾನೇ ರೊಟ್ಟಿ ಬಡಿದುಕೊಳ್ಳುತ್ತಿದ್ದ. ಬೆಳಿಗ್ಗೆ ಚಹಾದ ಟಪರಿ ಅಂಗಡಿಯ ಹತ್ತಿರ ನಮ್ಮ ಕಡೆಯ ನಾಲ್ಕು ಜನರನ್ನು ಕೂಡಿಸಿಕೊಂಡು ಕನ್ನಡ ಪೇಪರನ್ನು ದೊಡ್ಡ ದನಿಯಲ್ಲಿ ಓದುತ್ತಿದ್ದ. ತನಗೆ ಸೇರದ ಸುದ್ದಿ ಬಂದರೆ ಪೇಪರಿಗೇ ಬೈಯುತ್ತಿದ್ದ. ಅಂಥವನನ್ನು ನಾನು ಒಂದು ಭಾನುವಾರ ಗಂಟುಮೂಟೆ ಸಮೇತ ಆಂಟಾಪ್ ಹಿಲ್‌ನ ನಮ್ಮ ಮನೆಗೆ ಎಳೆದುಕೊಂಡು ಬಂದೆ. ನಮ್ಮ ಬಿಲ್ಡಿಂಗಿನಲ್ಲಿ ಅವನ ಪೇಪರ್ ಕೇಳುವವರು ಯಾರೂ ಇಲ್ಲ. ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು ಮನಸ್ಸಿನಲ್ಲೇ ಓದುತ್ತಿದ್ದ, ತುಟಿಗಳು ಮಾತ್ರ ಆಡುತ್ತಿದ್ದವು.

ನಾನು ಅವನ ನೀರು ಕುದಿಸಿದೆ, ಮತ್ತೆ ಕುದಿಸಿದೆ. ಬಾಗಿಲ ಹಿಡಿಕೆ ಒರೆಸಿದೆ. ಕೆಮ್ಮಿದರೆ ಓಡಿಹೋಗಿ ಹಣೆ ಮುಟ್ಟಿದೆ. ಪರೀಕ್ಷೆಯ ಪೂರ್ತಿ ಹೆಸರು ತಲೆಯಲ್ಲಿ ನಿಂತಿರಲಿಲ್ಲ, ಬರೀ ಮ್ಯುಟೇಶನ್ ಮತ್ತು ರಕ್ತದ ಕ್ಯಾನ್ಸರ್ ಎಂದು ಮೊಬೈಲಿನಲ್ಲಿ ಹುಡುಕಿದೆ. ಹೆದರಿಕೆ ಹುಟ್ಟಿಸುವಂಥದ್ದು ಎಷ್ಟು ಬೇಕೋ ಅಷ್ಟು ಸಿಕ್ಕಿತು. ಒಂದು ದಿನ ಲೋಕಲ್ ರೈಲಿನಲ್ಲಿ ಓದುತ್ತ ಓದುತ್ತ ಇಳಿಯಬೇಕಾದ ಸ್ಟೇಷನ್ ಬಿಟ್ಟುಬಿಟ್ಟೆ. ಅಪ್ಪ ಇವೆಲ್ಲವನ್ನೂ ಸಹಿಸಿಕೊಂಡ. ಆದರೆ ಭಾಂಡುಪಿನ ಖೋಲಿಯನ್ನು ಬೇರೆಯವರಿಗೆ ಕೊಟ್ಟುಬಿಡೋಣ, ನೀನಿನ್ನು ಇಲ್ಲೇ ಇರು ಎಂದಾಗ ಮಾತ್ರ ಮುಖ ಗಂಟಿಕ್ಕಿದ.

"ನನ್ನ ಖೋಲಿ ಸುದ್ದಿಗೆ ಬರಬ್ಯಾಡ. ವರದಿ ಬರಲಿ. ಆಮ್ಯಾಲ ಮಾತಾಡೂಣು."

ವರದಿ ಬಂತು. ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿ ಕೂತಿದ್ದಾಗ ಆಸ್ಪತ್ರೆಯ ಹುಡುಗಿ ಫೋನ್ ಮಾಡಿ, "ಮ್ಯುಟೇಟೆಡ್ ಆಯಾ ಹೈ ಮ್ಯಾಡಮ್, ಗುರುವಾರ್ ಕೋ ಆ ಜಾಯಿಯೇ" ಎಂದಳು. ಸಾಮಾನು ಬಂದು ತಲುಪಿದೆ ಎನ್ನುವಷ್ಟು ಹಗುರವಾಗಿ ಹೇಳಿದಳು. ಡಬ್ಬಿ ಮುಚ್ಚಿದೆ. ಅಪ್ಪ ಇನ್ನು ಹೆಚ್ಚು ದಿನ ಇರುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ. ಊರಿಗೆ ಫೋನ್ ಮಾಡಿ ಕಾಕಾನಿಗೆ ಬಂದು ನೋಡಿಕೊಂಡು ಹೋಗು ಎಂದೆ. ಖೋಲಿ ಕೇಳುತ್ತಿದ್ದ ಪರಿಚಯದ ಗಂಡಹೆಂಡತಿಗೆ ಬರುವ ಭಾನುವಾರ ಬನ್ನಿ ಎಂದೂ ಹೇಳಿದೆ. ಅಪ್ಪನಿಗೆ ಏನೂ ಹೇಳಲಿಲ್ಲ. ಸಂಜೆ ಅವನಿಗೆ ಹಬ್ಬದ ದಿನದಂತೆ ಗೋದಿ ಹುಗ್ಗಿ ಮಾಡಿ ಬಡಿಸಿದೆ. ಅವನು ಅನುಮಾನದಿಂದ ನನ್ನ ಮುಖ ನೋಡಿ ಉಂಡ.

ಗುರುವಾರ ಡಾಕ್ಟರ ಮುಂದೆ ಕೂತವಳೇ ಯಾವ ಚಿಕಿತ್ಸೆ, ಯಾವಾಗಿನಿಂದ, ಕೂದಲು ಉದುರುತ್ತದೆಯೇ, ರಜೆ ಎಷ್ಟು ಹಾಕಲಿ ಎಂದು ಒಂದೇ ಉಸಿರಿನಲ್ಲಿ ಕೇಳಿದೆ. ಆಕೆ ಕೈ ಎತ್ತಿ ನನ್ನನ್ನು ತಡೆದಳು. "ಮ್ಯುಟೇಟೆಡ್ ಹೈ. ಅಚ್ಛೀ ಬಾತ್ ಹೈ."

ಒಳ್ಳೆಯದೇ ಎನ್ನುತ್ತಾಳಲ್ಲ, ಆಕೆಗೆ ಕಾಗದ ತಪ್ಪಿರಬೇಕು, ಬೇರೆ ಯಾರದೋ ವರದಿ ನೋಡುತ್ತಿದ್ದಾಳೆ ಎನ್ನಿಸಿತು. ಬಾಯಿ ಬಿಟ್ಟು ಹಾಗೆಯೇ ಹೇಳಿದೆ. ಆಕೆ ನಕ್ಕು, ಹೋದ ಸಲ ಇದನ್ನೇ ಹೇಳುತ್ತಿದ್ದೆ, ನೀವು ಫೋನಿಗೆ ಎದ್ದು ಹೋದಿರಿ ಎಂದಳು. ಆಮೇಲೆ ಮೊದಲಿನಿಂದ ಹೇಳಿದಳು. ಮೈಯೊಳಗೆ ರೋಗಾಣು ಬಂದಾಗ ಅದನ್ನು ಅಷ್ಟಿಷ್ಟು ಹಿಡಿಯಬಲ್ಲ ಬಿ ಕೋಶಗಳು ಕತ್ತಿನ, ಕಂಕುಳಿನ ಗ್ರಂಥಿಗಳಲ್ಲಿ ಸೇರುತ್ತವೆ. ಅಲ್ಲಿ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ, ತಮ್ಮ ಪ್ರತಿಕಾಯದ ಜೀನಿನ ಅಕ್ಷರಗಳನ್ನು ತಾವೇ ಅಲ್ಲಲ್ಲಿ ಬದಲಿಸಿಕೊಳ್ಳುತ್ತವೆ. ಸ್ಟೇಷನ್ ಹೊರಗೆ ಕೂತ ಕೀಲಿಕೈಯವನು ಅರದಿಂದ ಉಜ್ಜಿ, ಬೀಗಕ್ಕೆ ಹಾಕಿ ನೋಡಿ, ಮತ್ತೆ ಉಜ್ಜುವ ಹಾಗೆ, ಆದರೆ ಕಣ್ಣು ಕಟ್ಟಿಕೊಂಡು. ಬಹಳಷ್ಟು ಕೆಟ್ಟು ಸಾಯುತ್ತವೆ. ಕೆಲವಕ್ಕೆ ಮೊದಲಿಗಿಂತ ಗಟ್ಟಿ ಹಿಡಿತ ಬರುತ್ತದೆ, ಅವು ಉಳಿಯುತ್ತವೆ. ನಮ್ಮನ್ನು ಜ್ವರದಿಂದ ಏಳಿಸುವುದು ಅವೇ. ಅಪ್ಪನ ಮೈಯಲ್ಲಿ ದಾರಿ ತಪ್ಪಿದ್ದು ಹೀಗೆ ಒಂದು ಸಲ ಪಳಗಿದ ಕೋಶ. ಅಂಥದರ ಕ್ಯಾನ್ಸರ್ ಸಾಮಾನ್ಯವಾಗಿ ನಿಧಾನ. ಏನೂ ಬದಲಿಸಿಕೊಳ್ಳದ ಕೋಶದ್ದೇ ಅವಸರ.

ಅವಸರದವರ ವಿಷಯ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಪಾಠದಲ್ಲಿ ಉತ್ಪರಿವರ್ತನೆ ಎಂದರೆ ಆಕಸ್ಮಿಕವಾಗಿ ಆಗುವ ಬದಲಾವಣೆ, ಹೆಚ್ಚಾಗಿ ಕೆಡುಕು. ಮೈ ತಾನೇ ಬೇಕೆಂದು ಅದನ್ನು ಮಾಡಿಕೊಳ್ಳುತ್ತದೆ ಎಂದು ನಾನು ಯಾವ ಮಕ್ಕಳಿಗೂ ಹೇಳಿದವಳಲ್ಲ. ಸಂತೋಷವೋ ಸಿಟ್ಟೋ ತಿಳಿಯದೆ ಕಣ್ಣೀರು ಹರಿಯತೊಡಗಿತು.

ಅಪ್ಪ ಗಾಬರಿಯಾಗಿ ನನ್ನ ತೋಳು ಹಿಡಿದ. "ಏನಂದ್ರು?"

"ಮ್ಯುಟೇಶನ್ ಆಗೇದಂತ ಅಪ್ಪಾ."

"ಆತಲ್ಲ, ಛಲೋ ಆತು! ಮತ್ತ ಯಾಕ ಅಳ್ಲಾಕತ್ತಿ ಹುಚ್ಚಿ?"

ಅಪ್ಪ ಏನಂದ ಎಂದು ಡಾಕ್ಟರ್ ಕೇಳಿದಳು. ಹೇಳಿದೆ. ಆಕೆ ನಗುತ್ತ ಅಪ್ಪನ ಕೈ ಕುಲುಕಿದಳು. ನಿಮ್ಮ ತಂದೆಗೆ ಈಗ ಔಷಧಿ ಬೇಡ, ಮೂರು ತಿಂಗಳಿಗೊಮ್ಮೆ ರಕ್ತ ತೋರಿಸಿ ಎಂದಳು. ಒಬ್ಬರೇ ಇರಬಹುದೇ ಎಂದು ನಾನು ಕೇಳಿದಾಗ, ಯಾಕಿರಬಾರದು, ಜ್ವರ ಬಂದರೆ ತಡ ಮಾಡದೆ ಬನ್ನಿ ಅಷ್ಟೇ ಎಂದಳು. ಏನೂ ಮಾಡದೆ ಇರುವುದೇ ಚಿಕಿತ್ಸೆ. ಇಷ್ಟು ದಿನದ ಚಡಪಡಿಕೆಯನ್ನು ಎಲ್ಲಿ ಇಳಿಸಲಿ ಎಂದು ಆಕೆಯನ್ನು ಕೇಳಬೇಕೆನಿಸಿತು.

ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ಅಪ್ಪನಿಗೆ ಎಲ್ಲವನ್ನೂ ನಮ್ಮ ಮಾತಿನಲ್ಲಿ ಬಿಡಿಸಿ ಹೇಳಿದೆ. ಅವನು ಜನರ ನೂಕಾಟದಲ್ಲಿ ಕಿವಿ ಇತ್ತ ಚಾಚಿ ಕೇಳಿದ. ರೋಗ ಮೈಯಲ್ಲೇ ಇರುತ್ತದೆ, ನಿಧಾನವಾಗಿರುತ್ತದೆ, ನಾವು ನೋಡುತ್ತ ಕಾಯಬೇಕು ಎಂದೆ.

"ಏನನ್ನ ಕಾಯೂದು?"

ಅದರ ಉತ್ತರವನ್ನು ಅವನ ಮುಖ ನೋಡಿ ಹೇಳುವುದು ಆಗಲಿಲ್ಲ. ಇಷ್ಟು ದಿನ ನಾನು ಏನನ್ನು ಕಾಯುತ್ತ ನೀರು ಕುದಿಸಿದ್ದೆ, ಕಾಕಾನನ್ನು ಕರೆಸಿದ್ದೆ, ಖೋಲಿ ಖಾಲಿ ಮಾಡಿಸಲು ಹೊರಟಿದ್ದೆ ಎಂದು ಆಗ ಹೊಳೆದು, ನನ್ನ ಮೇಲೇ ಅಸಹ್ಯವಾಯಿತು.

ಅಪ್ಪ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲಿನ ಪ್ಲಾಟ್‌ಫಾರ್ಮಿನ ಕಡೆ ತಿರುಗಿದ.

"ನೀ ಕಾಯಿ ಯವ್ವಾ. ನಾ ಭಾಂಡುಪಕ್ಕ ಹೋಗ್ತೀನಿ. ನನ್ನ ಅರಿವಿ ಗಂಟು ಆಮ್ಯಾಲ ತಂದು ಕೊಡು."

ಗದ್ದಲ ಬಹಳ ಇದೆ, ನಾನೂ ಬರುತ್ತೇನೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಕಂಬಿ ಹಿಡಿದು ಮೆಟ್ಟಿಲು ಇಳಿಯುತ್ತಿದ್ದ, ನಿಧಾನವಾಗಿ, ಹಿಂದಿನವರ ಬೈಗುಳಕ್ಕೆ ಕ್ಯಾರೇ ಎನ್ನದೆ. ಗಾಡಿ ಬಂತು. ಅವನ ಬಿಳಿ ಟೋಪಿ ಬೋಗಿಯ ಬಾಗಿಲಲ್ಲಿ ಒಮ್ಮೆ ಕಂಡು ಜನರೊಳಗೆ ಸೇರಿಹೋಯಿತು. ನನ್ನ ಕಾಲುಗಳು ಆ ಕಡೆ ಎರಡು ಸಲ ಎಳೆದವು. ಎರಡು ಸಲವೂ ಸೇತುವೆಯ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಗಾಡಿ ಹೊರಡುವವರೆಗೆ ಅಲ್ಲೇ ನಿಂತೆ.