ಕಥೆಗೆ ಹೂಂಗುಟ್ಟುವವನು

ಮೊನ್ನೆ ಜಕ್ಕೂರಿನ ಟೀ ಅಂಗಡಿ ಮುಂದೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದೆ. ಗೆಳೆಯ ಮಂಜ ಬೆನ್ನಿಗೆ ಗುದ್ದಿದ. "ಏನ್ ಮಗಾ, ಆಗಿಂದ ಬರೀ ಹೂಂ ಹೂಂ ಅಂತಿದೀಯ! ನಮ್ಗೇಳ್ದೆ ಮದ್ವೆ ಆಗ್ಬಿಟ್ಯಾ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಇದೇ ಹೂಂ ಹಿಂದೊಮ್ಮೆ ನನ್ನ ಮಾನ ತೆಗೆದದ್ದು ನೆನಪಾಯಿತು. ಹೇಳುತ್ತೇನೆ, ಕೇಳಿ. ಬಣ್ಣ ಹಚ್ಚಿ ಹೇಳಲು ನನಗೆ ಬರುವುದಿಲ್ಲ.

ನಾನು ಎಸ್ಸೆಸ್ಸೆಲ್ಸಿ ಫೇಲು. ಯಲಹಂಕ ದಾಟಿದ ಮೇಲೆ ಸಿಗುವ ಒಂದು ಕಾಲೇಜಿನಲ್ಲಿ ಮೈಕು, ಪ್ರೊಜೆಕ್ಟರು ನೋಡಿಕೊಳ್ಳುತ್ತೇನೆ. ಅಲ್ಲಿ ಫಸ್ಟ್ ಇಯರಿನವರಿಗೆ ಧರ್ಮ, ಸಂಸ್ಕೃತಿ, ಕಥೆ ಅಂತ ಒಂದು ಪಾಠವಿದೆ. ಹಿಂದೆ ಕೂತು ನಾನೂ ಕೇಳಿದ್ದೇನೆ. ಅರ್ಧ ಇಂಗ್ಲಿಷು, ಅರ್ಧ ನಿದ್ದೆ. ಹೋದ ವರ್ಷ ಒಂದು ದಿನ ಮೇಡಂ, "ದೇವ್ರು ಬರೀ ಪುಸ್ತಕದಲ್ಲಿಲ್ಲ, ಕಥೆ ಹೇಳೋರ ಬಾಯಲ್ಲೂ ಇದಾನೆ" ಅಂದರು. ನಾನು ಸುಮ್ಮನಿರಬಾರದೇ? "ನಮ್ಮಜ್ಜಿ ಕೆರೆ ಅಮ್ಮನ ಕಥೆ ಹೇಳ್ತಾರೆ ಮೇಡಂ" ಅಂದುಬಿಟ್ಟೆ. ಕರೆದುಕೊಂಡು ಬಾ ಅಂದರು.

ನಮ್ಮ ಮನೆಯಲ್ಲಿ ಕಥೆಗೊಂದು ಕಟ್ಟಳೆ. ಅಜ್ಜಿ ಒಂದು ಮಾತು ಹೇಳಿ ನಿಲ್ಲಿಸುತ್ತಾಳೆ. ಕೇಳುವವರಲ್ಲಿ ಒಬ್ಬರು ಹೂಂ ಅನ್ನಬೇಕು. ಆಗಲೇ ಮುಂದಿನ ಮಾತು. ಇನ್ನು ಶುರುಮಾಡಿದ ಅಮ್ಮನ ಕಥೆಯನ್ನು ಅರ್ಧಕ್ಕೆ ಬಿಟ್ಟರೆ ಮನೆಗೆ ಕೇಡು ಅಂತ ಅಜ್ಜಿಯ ನಂಬಿಕೆ. ಹಾಗೆ ಬಿಟ್ಟವರು ಯಾರೂ ಇಲ್ಲ, ಅದಕ್ಕೇ ಏನು ಕೇಡು ಅಂತ ಯಾರಿಗೂ ಗೊತ್ತಿಲ್ಲ. ಚಿಕ್ಕಂದಿನಿಂದ ಆ ಹೂಂ ಅನ್ನುವ ಕೆಲಸ ನನ್ನದು.

ಪಾಠದ ದಿನ ಅಜ್ಜಿ ಮದುವೆಗೆ ಉಡುವ ಸೀರೆ ಉಟ್ಟು ಕಾಲೇಜಿಗೆ ಬಂದಳು. ಮೇಡಂ ಹುಡುಗರಿಗೆ, "ರೆಕಾರ್ಡಿಂಗ್ ಆಗ್ತಿದೆ, ಯಾರೂ ಸದ್ದು ಮಾಡ್ಬೇಡಿ" ಅಂದರು.

"ಏಳು ಜನ ಅಕ್ತಂಗೀರು ಕೆರೆ ಏರಿ ಮ್ಯಾಲೆ ನಡ್ಕೊಂಡು ಒಂಟವ್ರೆ" ಅಂದು ಅಜ್ಜಿ ನಿಲ್ಲಿಸಿದಳು. ಸದ್ದಿಲ್ಲ. ಅದನ್ನೇ ಮತ್ತೆ ಹೇಳಿದಳು. ಸದ್ದಿಲ್ಲ.

"ಹೇಳಿ ಅಜ್ಜಿ" ಅಂದರು ಮೇಡಂ.

"ಯಾರ್ಗವ್ವ ಏಳ್ಲಿ? ಗೋಡೆಗಾ?" ಅಂದು ಅಜ್ಜಿ ಸಾಲುಗಳ ಆಚೆ ನಿಂತಿದ್ದ ನನ್ನನ್ನು ಹುಡುಕಿದಳು. "ಏಯ್, ಬಾಯಾಗೇನ್ ಕಡುಬಿಟ್ಕೊಂಡಿದ್ದೀಯ? ಊಂ ಅನ್ಲಾ!"

ಇಡೀ ಕ್ಲಾಸು ನನ್ನ ಕಡೆ ತಿರುಗಿತು. "ಹೂಂ" ಅಂದೆ. ಎಲ್ಲರೂ ಕಿಸಕ್ಕೆಂದರು. ಕಥೆ ಅರ್ಧಕ್ಕೆ ನಿಲ್ಲುವ ಹಾಗಿಲ್ಲ, ನಾನು ಓಡುವ ಹಾಗಿಲ್ಲ. ಕಿರಿಯವಳು ಕಾಲು ನೋಯುತ್ತದೆ ಅಂತ ಏರಿ ಮೇಲೆ ಕೂತಳು, ಹೂಂ. ಅಕ್ಕಂದಿರು ಬೈದರು, ಹೂಂ. ನೀವು ಹೋಗಿ, ನಾನು ಈ ನೀರು ಕಾಯುತ್ತೇನೆ ಅಂದಳು, ಹೂಂ. ಪ್ರತಿ ಹೂಂಗೂ ನಗು. ಅಜ್ಜಿಗೆ ಅದ್ಯಾವುದೂ ಕೇಳಿಸಲಿಲ್ಲ. ನನ್ನೊಬ್ಬನನ್ನೇ ನೋಡುತ್ತ, ಕೈ ತಿರುಗಿಸುತ್ತ, ಕೊನೆಯವರೆಗೆ ಹೇಳಿದಳು.

ಮುಗಿದ ಮೇಲೆ ರೆಕಾರ್ಡ್ ಮಾಡಿದ ಹುಡುಗಿ ಹತ್ತಿರ ಬಂದಳು. "ಬ್ರೋ, ಟೆನ್ಷನ್ ಮಾಡ್ಕೋಬೇಡಿ. ನಿಮ್ ಹೂಂ ಎಲ್ಲಾ ತೆಗ್ದು ಕ್ಲೀನ್ ಮಾಡ್ತೀನಿ" ಅಂದಳು. ನನಗೆ ಹೋದ ಜೀವ ಬಂತು. "ಥ್ಯಾಂಕ್ಸ್ ಮೇಡಂ" ಅಂದೆ. ನನಗಿಂತ ಚಿಕ್ಕವಳಿಗೆ ಮೇಡಂ ಬೇರೆ.

ಆಡಿಯೊ ಫೋನಿಗೆ ಬಂತು. ಅಜ್ಜಿಗೆ ಕೇಳಿಸಿದೆ. ಕ್ಲೀನಾಗಿಯೇ ಇತ್ತು. ಅಜ್ಜಿಯ ಮಾತು, ಖಾಲಿ, ಮತ್ತೆ ಅಜ್ಜಿಯ ಮಾತು. ಅಜ್ಜಿ ಫೋನನ್ನು ಕಿವಿಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಕೇಳಿದಳು.

"ಯಾರ್ಲಾ ಇವ್ಳು, ಪಾಪ! ಒಬ್ಳೇ ಮಾತಾಡ್ಕೊಂತಾವ್ಳೆ. ಮನೇಲಿ ಯಾರೂ ಇಲ್ವಂತಾ?"

"ನೀನೇ ಅಜ್ಜಿ."

"ಓಗ್ಲಾ. ನಂಗೆ ನೀನಿದ್ಯಲ್ಲ."

ಕ್ಲಾಸಿನಲ್ಲಿ ಆದದ್ದು ನಾಚಿಕೆಯೇ ಅಲ್ಲ, ಆ ಹುಡುಗಿಗೆ ಥ್ಯಾಂಕ್ಸ್ ಅಂದದ್ದೇ ನಾಚಿಕೆ ಅಂತ ಆಗ ಗೊತ್ತಾಯಿತು. ಅಜ್ಜಿಯ ಮುಖ ನೋಡಲಾಗದೆ ಎದ್ದು ಹೊರಗೆ ಹೋದೆ.

ಈಗ ಹೊಸ ಫಸ್ಟ್ ಇಯರಿನವರು ಬಂದಿದ್ದಾರೆ. ಇವತ್ತು ಬೆಳಿಗ್ಗೆ ಮೇಡಂ ಕರೆದು, "ಅಜ್ಜೀನ ಮತ್ತೆ ಕರ್ಕೊಂಡ್ ಬರ್ತೀರಾ? ಅವ್ರಿಗೊಂದು ಮೈಕ್ ರೆಡಿ ಮಾಡಿ" ಅಂದರು.

"ಎರಡು ಬೇಕು ಮೇಡಂ."

"ಇನ್ನೊಂದು ಯಾರಿಗೆ?"

ಬಾಗಿಲಲ್ಲಿ ಹುಡುಗರು ನಿಂತು ಕೇಳುತ್ತಿದ್ದರು. ಕಿವಿ ಸುಡತೊಡಗಿತು.

"ನಂಗೆ" ಅಂದೆ.